ಊಟ, ಯೋಗದ ಬಲದಿಂದ ಮನಸ್ಸಿನ ಮಾತ್ರೆ ಬಿಡಬಹುದೇ?

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ದಾವಣಗೆರೆ ಹತ್ತಿರದ ಊರೊಂದರಲ್ಲಿ ಪ್ರೌಢಶಾಲೆ ಶಿಕ್ಷಕಿ. ಮೂರು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಖಿನ್ನತೆ ಬಂತು. ಎಸಿಟಾಲೋಪ್ರಾಮ್ 10 ಮತ್ತು ಕ್ಲೋನಾಜೆಪಾಮ್ 0.5 ಸೇರಿರುವ ಒಂದು ಮಾತ್ರೆಯನ್ನು ಅಂದಿನಿಂದ ರಾತ್ರಿ ತಗೊಳ್ತಿದ್ದೇನೆ. ಒಂದೂವರೆ ವರ್ಷದಿಂದ ಮನಸ್ಸು ಚೆನ್ನಾಗಿದೆ. ಆದರೆ ಸುಸ್ತು, ಮರೆವು, ಅಂಗಾಲಿನಲ್ಲಿ ಜುಮುಜುಮು. ಸಕ್ಕರೆಗೆ ಮೆಟ್‌ಫಾರ್ಮಿನ್, ಗ್ಯಾಸ್‌ಗೆ ಪ್ಯಾಂಟೊಪ್ರಜೋಲ್ ಇದೆ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಇತ್ತೀಚೆಗೆ ಒಂದು ಶಿಬಿರಕ್ಕೆ ಹೋಗಿದ್ದೆ. ಪಥ್ಯ, ಒಂದು ಪುಡಿ, ಪ್ರಾಣಾಯಾಮ, ಮೂರು ತಿಂಗಳಲ್ಲಿ ಗುಣ, ಮಾತ್ರೆಯನ್ನು ಮೊದಲ ದಿನವೇ ಬಿಡಿ ಎಂದರು. ಬಿಟ್ಟೆ. ನಾಲ್ಕನೇ ದಿನಕ್ಕೆ ತಲೆಯೊಳಗೆ ಕರೆಂಟ್ ಹೊಡೆದ ಹಾಗಾಗಿ, ನಿದ್ದೆ ಹೋಗಿ, ಕೈ ನಡುಗಿ, ಮತ್ತೆ ಮಾತ್ರೆಗೆ ಬಂದೆ. ಹಾಗಾದರೆ ನನ್ನ ಕಾಯಿಲೆ ಹೋಗಿಲ್ಲವೇ? ಊಟ-ಯೋಗದಿಂದ ಬಿಡಲು ಸಾಧ್ಯವೇ ಇಲ್ಲವೇ? ಇನ್ನೊಂದು ವಿಷಯ: ನನ್ನ ಮೈದುನನಿಗೆ ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಂತೆ ಬರುವ ಕಾಯಿಲೆ), ಆರು ವರ್ಷದಿಂದ ಲಿಥಿಯಂ ಮೇಲಿದ್ದಾನೆ. ಅವನನ್ನೂ ಅಲ್ಲಿಗೆ ಕಳಿಸೋಣ ಅಂತ ಅತ್ತೆ ಹಟ ಹಿಡಿದಿದ್ದಾರೆ. ಅಲ್ಲಿ ಉಪ್ಪು ಪೂರ್ತಿ ಬಿಡಿಸುತ್ತಾರಂತೆ.

ಉತ್ತರ: ಮೊದಲು ಮೈದುನನ ವಿಷಯ, ಅದಕ್ಕೆ ಕಾಯುವಷ್ಟು ಸಮಯವಿಲ್ಲ. ಅವರನ್ನು ಆ ಶಿಬಿರಕ್ಕೆ ಕಳಿಸಬೇಡಿ. ಲಿಥಿಯಂ ತಗೊಳ್ಳುವವರು ಇದ್ದಕ್ಕಿದ್ದಂತೆ ಉಪ್ಪು ಬಿಟ್ಟರೆ ಔಷಧ ರಕ್ತದಲ್ಲಿ ಏರಿ ವಿಷವಾಗುತ್ತದೆ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ. ಅತ್ತೆಯವರಿಗೆ ಇವತ್ತೇ ಇಷ್ಟನ್ನು ಓದಿ ಹೇಳಿ.

ಈಗ ನಿಮ್ಮ ಮಾತು. ಮಾತ್ರೆ ಕಡಿಮೆ ಮಾಡಬೇಕೆಂಬ ನಿಮ್ಮ ಆಸೆ ನ್ಯಾಯವಾದದ್ದೇ. ಒಂದೂವರೆ ವರ್ಷ ಆರೋಗ್ಯವಾಗಿರುವವರು ‘ಇನ್ನೆಷ್ಟು ದಿನ’ ಎಂದು ಕೇಳಿದರೆ ‘ತಗೊಳ್ತಾ ಇರಿ’ ಎಂಬ ಎರಡೇ ಪದದ ಉತ್ತರ ಸಾಲದು. ಆ ಉತ್ತರ ಕೇಳಿ ಬೇಸತ್ತವರೇ ಶಿಬಿರಗಳ ದಾರಿ ಹಿಡಿಯುತ್ತಾರೆ. ಅದರಲ್ಲಿ ನಮ್ಮ ವೃತ್ತಿಯ ಪಾಲೂ ಇದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮಾತ್ರೆಯನ್ನು ಇಳಿಸುತ್ತಾ ಹೋಗಿ, ಬಹುಶಃ ಪೂರ್ತಿ ಬಿಡಲು ಸಾಧ್ಯವಿದೆ. ಆದರೆ ಊಟವೋ ಪುಡಿಯೋ ಮಾತ್ರೆಯ ಜಾಗದಲ್ಲಿ ಕೂರುವುದಿಲ್ಲ. ಊಟ, ನಿದ್ದೆ, ನಡಿಗೆ, ಯೋಗ ಇವು ಮೈಮನಸ್ಸನ್ನು ಗಟ್ಟಿ ಮಾಡುತ್ತವೆ. ಮಾತ್ರೆ ಇಳಿಸುವುದು ಆಮೇಲಿನ ಕೆಲಸ, ಅದಕ್ಕೆ ಅದರದೇ ಲೆಕ್ಕಾಚಾರ ಇದೆ. ಶಿಬಿರದವರು ಹೇಳಿದ್ದರಲ್ಲಿ ಕೆಲವು ಒಳ್ಳೆಯ ಸಂಗತಿಗಳಿವೆ. ಅವನ್ನೆಲ್ಲ ಅವರು ತಲೆಕೆಳಗು ಮಾಡಿಟ್ಟರು: ಕೊನೆಯಲ್ಲಿ ಆಗಬೇಕಾದದ್ದನ್ನು ಮೊದಲ ದಿನವೇ ಮಾಡಿಸಿದರು.

ನಾಲ್ಕನೇ ದಿನ ನಿಮಗಾದದ್ದು ಖಿನ್ನತೆ ಮರುಕಳಿಸಿದ್ದಲ್ಲ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರಗಟ್ಟಲೆ, ತಿಂಗಳುಗಟ್ಟಲೆ ಸಮಯ ತಗೊಂಡು ಮೆಲ್ಲಗೆ ಬರುತ್ತದೆ: ಬೆಳಗ್ಗೆ ಏಳಲು ಮನಸ್ಸಿಲ್ಲ, ಪಾಠ ಮಾಡುವುದರಲ್ಲಿ ರುಚಿ ಇಲ್ಲ, ತನ್ನ ಬಗ್ಗೆ ತನಗೇ ಕೀಳುಭಾವ. ಮಾತ್ರೆ ಬಿಟ್ಟ ಎರಡು-ಮೂರು ದಿನಕ್ಕೇ ಬರುವ ತಲೆಸುತ್ತು, ಕರೆಂಟ್ ಹೊಡೆದಂಥ ಅನುಭವ, ವಾಕರಿಕೆ, ವಿಚಿತ್ರ ಕನಸು, ಸಿಡುಕು, ನಡುಕ ಇವು ಔಷಧ ಹಠಾತ್ತಾಗಿ ನಿಂತದ್ದಕ್ಕೆ ನರಮಂಡಲ ತೋರುವ ಪ್ರತಿಕ್ರಿಯೆ. ಮಾತ್ರೆ ಮತ್ತೆ ಶುರು ಮಾಡಿದ ಕೆಲವೇ ದಿನಗಳಲ್ಲಿ ಅವು ಇಳಿದುಹೋದರೆ ಗುರುತು ಇನ್ನಷ್ಟು ಖಚಿತ. 2024ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ ಒಂದು ದೊಡ್ಡ ಒಟ್ಟುಲೆಕ್ಕದಲ್ಲಿ, ಖಿನ್ನತೆಯ ಔಷಧ ನಿಲ್ಲಿಸಿದವರಲ್ಲಿ ಶೇ. 31ರಷ್ಟು ಮಂದಿಗೆ ಇಂಥ ಲಕ್ಷಣಗಳು ಕಂಡಿದ್ದವು. ಔಷಧವೇ ಇಲ್ಲದ ಸೋಗಿನ ಮಾತ್ರೆ ನಿಲ್ಲಿಸಿದವರಲ್ಲೂ ಶೇ. 17ರಷ್ಟು ಮಂದಿಗೆ ಕಂಡಿದ್ದವು. ಅಂದರೆ ಎಲ್ಲರಿಗೂ ಬರುವುದಿಲ್ಲ, ಬಂದವರಿಗೆಲ್ಲ ಔಷಧವೇ ಕಾರಣವೂ ಅಲ್ಲ, ಆದರೆ ನಿಮ್ಮ ಭ್ರಮೆಯಂತೂ ಅಲ್ಲ. ‘ನೋಡಿ, ಮಾತ್ರೆ ಇಲ್ಲದೆ ನಿಮಗೆ ಬದುಕಲಾಗದು’ ಎಂದು ಯಾರಾದರೂ ಇದನ್ನೇ ಸಾಕ್ಷಿ ಮಾಡಿದರೆ ಒಪ್ಪಬೇಡಿ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ನೀವು ನುಂಗುತ್ತಿರುವುದು ನೋಡಲು ಒಂದೇ ಮಾತ್ರೆ, ಒಳಗಿರುವುದು ಎರಡು ಔಷಧ. ಎಸಿಟಾಲೋಪ್ರಾಮ್ ಖಿನ್ನತೆಗೆ. ಕ್ಲೋನಾಜೆಪಾಮ್ ನಿದ್ದೆಗೆ, ಆತಂಕಕ್ಕೆ. ಎಸಿಟಾಲೋಪ್ರಾಮ್ ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಆಸರೆಯಾಗಲಿ ಎಂದು ಕ್ಲೋನಾಜೆಪಾಮ್ ಕೊಡುತ್ತಾರೆ. ಆಮೇಲೆ ಅದನ್ನು ತೆಗೆಯಬೇಕು. ನಮ್ಮ ದೇಶದಲ್ಲಿ ಎರಡೂ ಸೇರಿದ ಮಾತ್ರೆ ಧಾರಾಳವಾಗಿ ಬಳಕೆಯಲ್ಲಿರುವುದರಿಂದ, ಕೆಲವು ವಾರಗಳ ಆಸರೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಮೂರು ವರ್ಷ ದಿನಾ ತಗೊಂಡ ಮೇಲೆ ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಹಠಾತ್ತಾಗಿ ನಿಲ್ಲಿಸಿದರೆ ನಿದ್ದೆಗೇಡು, ನಡುಕ, ವಿಪರೀತ ಆತಂಕ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಗುಂಪಿನ ಎಲ್ಲ ಔಷಧಗಳ ಮೇಲೂ ಇದನ್ನೇ ಕಪ್ಪು ಚೌಕಟ್ಟಿನ, ಅಂದರೆ ಅತಿ ಗಂಭೀರ, ಎಚ್ಚರಿಕೆಯಾಗಿ ಹಾಕಿಸಿತು. ನಿಮ್ಮ ಕೈ ನಡುಗಿದ್ದಕ್ಕೆ, ನಿದ್ದೆ ಹೋದದ್ದಕ್ಕೆ ಕ್ಲೋನಾಜೆಪಾಮ್ ಪಾಲೇ ಹೆಚ್ಚಿರಬಹುದು. ಮರೆವಿನಲ್ಲೂ ಅದರ ಕೈವಾಡ ಇರಬಹುದು.

ಈಗ ಆಹಾರದ ವಿಷಯ. ಇಲ್ಲಿ ಮನೋವೈದ್ಯರು ತಾತ್ಸಾರ ಮಾಡುವುದೂ ತಪ್ಪು, ಶಿಬಿರದವರು ಅತಿ ಮಾಡುವುದೂ ತಪ್ಪು.

ಅನ್ನ ಮನಸ್ಸನ್ನು ಕೆಡಿಸಬಲ್ಲದು, ನೆಟ್ಟಗೂ ಮಾಡಬಲ್ಲದು ಎಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ದೊಡ್ಡ ಸಾಕ್ಷಿ ಪೆಲಾಗ್ರಾ ಎಂಬ ರೋಗ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹುಚ್ಚಾಸ್ಪತ್ರೆಗಳಲ್ಲಿ ಈ ರೋಗದವರು ತುಂಬಿದ್ದರು. ಬಿಸಿಲು ಬಿದ್ದಲ್ಲಿ ಚರ್ಮ ಕಪ್ಪಗೆ ಸುಲಿಯುವುದು, ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. ಅಂಟುರೋಗ ಎಂದೇ ಎಲ್ಲರೂ ನಂಬಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ ಹಾಗಲ್ಲ ಎಂದ. 1915ರಲ್ಲಿ ಮಿಸಿಸಿಪ್ಪಿಯ ಜೈಲು ತೋಟದ ಕೈದಿಗಳಿಗೆ, ಬಿಡುಗಡೆಯ ಆಸೆ ತೋರಿಸಿ, ಮೆಕ್ಕೆಜೋಳವೇ ಮುಖ್ಯವಾದ ಬಡ ಊಟ ಕೊಡಿಸಿದ. ಇವತ್ತಿನ ನೀತಿ ಒಪ್ಪದ ಪ್ರಯೋಗ ಅದು. ಕೆಲವೇ ತಿಂಗಳಲ್ಲಿ 11 ಮಂದಿಯಲ್ಲಿ 6 ಮಂದಿಗೆ ಪೆಲಾಗ್ರಾ ಕಾಣಿಸಿಕೊಂಡಿತು. ಊಟದಲ್ಲಿ ಏನು ಕೊರತೆ ಎಂಬುದು ಗೊತ್ತಾದದ್ದು 1937ರಲ್ಲಿ: ನಿಯಾಸಿನ್, ಅಂದರೆ ಬಿ-3 ವಿಟಮಿನ್. ಅದನ್ನು ಕೊಟ್ಟಾಗ ಭ್ರಮಣೆಯಲ್ಲಿದ್ದವರು ಎಚ್ಚೆತ್ತರು. ನಮ್ಮ ಕಡೆಗೂ ಈ ಕತೆಯ ನಂಟಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು ದಖ್ಖನ್ ಸೀಮೆಯ ಜೋಳ ಉಣ್ಣುವ ಕಡುಬಡವರಲ್ಲಿ ಪೆಲಾಗ್ರಾ ಇರುವುದನ್ನು ಅಧ್ಯಯನ ಮಾಡಿದರು. ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಅಂಶ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಬರೆದರು. ಆ ವಾದದ ಬಗ್ಗೆ ಚರ್ಚೆ ನಡೆದೇ ಇತ್ತು. ಜೋಳದ ರೊಟ್ಟಿಗೆ ಹೆದರಬೇಡಿ, ಕಾಳುಪಲ್ಯ, ಸೊಪ್ಪು, ಮೊಸರು ಜೊತೆಗಿದ್ದರೆ ಅದು ಉತ್ತಮ ಊಟ. ಬರೀ ರೊಟ್ಟಿ, ಖಾರ ತಿಂದು ಬದುಕಬೇಕಾದ ಬಡತನದಲ್ಲಿತ್ತು ಅಪಾಯ.

ಇದೇ ಕತೆಯ ಮುಂದಿನ ಅಧ್ಯಾಯವನ್ನೂ ಹೇಳಬೇಕು, ಶಿಬಿರಗಳು ಎಡವುವುದು ಅಲ್ಲೇ. ನಿಯಾಸಿನ್ ಪೆಲಾಗ್ರಾವನ್ನು ವಾಸಿ ಮಾಡಿತಲ್ಲ, ಹಾಗಾದರೆ ಇಲ್ಲದ ದನಿ ಕೇಳುವ, ಸಂಶಯ ಬಲಿಯುವ ತೀವ್ರ ಮನೋರೋಗವಾದ ಸ್ಕಿಜೋಫ್ರೇನಿಯಾಕ್ಕೂ ರಾಶಿ ನಿಯಾಸಿನ್ ಕೊಡೋಣ ಎಂದು 1950ರ ದಶಕದಲ್ಲಿ ಕೆನಡಾದ ಏಬ್ರಾಮ್ ಹಾಫರ್, ಹಂಫ್ರಿ ಆಸ್ಮಂಡ್ ಶುರು ಮಾಡಿದರು. ನೊಬೆಲ್ ಪಡೆದಿದ್ದ ವಿಜ್ಞಾನಿ ಲೈನಸ್ ಪಾಲಿಂಗ್ 1968ರಲ್ಲಿ ಅದಕ್ಕೊಂದು ಸಿದ್ಧಾಂತದ ಹೆಸರನ್ನೂ ಕೊಟ್ಟ. ಬೇರೆಯವರು ಪರೀಕ್ಷಿಸಿ ನೋಡಿದಾಗ ಫಲ ಕಾಣಲಿಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಅದನ್ನು ತಳ್ಳಿಹಾಕಿತು. ಕೊರತೆ ಇದ್ದವನಿಗೆ ವಿಟಮಿನ್ ಔಷಧವೇ ಸರಿ. ಕೊರತೆ ಇಲ್ಲದವನಿಗೆ ಹತ್ತು ಪಟ್ಟು ಕೊಟ್ಟರೆ ಹತ್ತು ಪಟ್ಟು ಗುಣವಾಗುವುದಿಲ್ಲ. ಅತಿಯಾದ ನಿಯಾಸಿನ್ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಅತಿಯಾದ ಬಿ-6 ನರಗಳನ್ನು ಕೆಡಿಸಿ ಕೈಕಾಲಿಗೆ ಜೋಮು ತರುತ್ತದೆ.

ನಿಮಗೆ ಕೊರತೆ ಇರುವ ಸಾಧ್ಯತೆ ಮಾತ್ರ ಚೆನ್ನಾಗಿಯೇ ಇದೆ. ನನ್ನ ಅನುಮಾನ ಬಿ-12 ಮೇಲೆ. ಆ ವಿಟಮಿನ್ ಸೊಪ್ಪು, ತರಕಾರಿ, ಕಾಳುಗಳಲ್ಲಿ ಇರುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಯೇ ಗತಿ. ದಿನದ ಅಗತ್ಯಕ್ಕೆ ಹತ್ತಿರ ಬರಲು ಸುಮಾರು ಅರ್ಧ ಲೀಟರ್ ಬೇಕು, ಕಾಫಿಗೆ ಹಾಕುವ ನಾಲ್ಕು ಚಮಚ ಹಾಲಿನಿಂದ ಆಗುವ ಮಾತಲ್ಲ. ಇದರ ಮೇಲೆ ಮೆಟ್‌ಫಾರ್ಮಿನ್ ಬಿ-12 ಹೀರಿಕೆಯನ್ನು ತಗ್ಗಿಸುತ್ತದೆ. ಪ್ಯಾಂಟೊಪ್ರಜೋಲ್ ಹೊಟ್ಟೆಯ ಆಮ್ಲವನ್ನು ಕುಗ್ಗಿಸಿ ಅದೇ ಕೆಲಸ ಮಾಡುತ್ತದೆ. ಮೂರೂ ನಿಮ್ಮಲ್ಲಿ ಸೇರಿವೆ. ಸುಸ್ತು, ಮರೆವು, ಅಂಗಾಲಿನ ಜುಮುಜುಮು, ಮಂಕು ಇವೆಲ್ಲ ಬಿ-12 ಕೊರತೆಯಲ್ಲಿ ಕಾಣುತ್ತವೆ. ಸಕ್ಕರೆ ಕಾಯಿಲೆಯಿಂದಲೂ ಅಂಗಾಲು ಜುಮ್ಮೆನ್ನುತ್ತದೆ, ಆದ್ದರಿಂದ ಊಹೆಯ ಮೇಲೆ ಹೋಗದೆ ಪರೀಕ್ಷೆ ಮಾಡಿಸಿ: ಬಿ-12, ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡಿನ ಟಿಎಸ್‌ಎಚ್, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ವಿಟಮಿನ್ ಡಿ. ಥೈರಾಯ್ಡ್ ಮಂದವಾದರೂ ರಕ್ತಹೀನತೆ ಇದ್ದರೂ ಹೊರಗೆ ಕಾಣುವುದು ಖಿನ್ನತೆಯ ಮುಖವೇ. ರಕ್ತ ಕೊಡುವ ಮುಂಚೆ ಬಿ-12 ಮಾತ್ರೆ ನುಂಗಬೇಡಿ, ರಿಪೋರ್ಟ್ ದಾರಿ ತಪ್ಪಿಸುತ್ತದೆ. ಬಿ-12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆ ಬಂದರೆ ಕೊರತೆ ಖಚಿತ, 200ರಿಂದ 300ರ ನಡುವೆ ಇದ್ದರೆ ನಿಮ್ಮಂಥ ಲಕ್ಷಣ ಇರುವವರಿಗೆ ಚಿಕಿತ್ಸೆ ಕೊಡುವುದೇ ಸರಿ ಎಂಬುದು ನನ್ನ ನಿಲುವು. ನರದ ಲಕ್ಷಣಗಳಿದ್ದರೆ ಸಾಮಾನ್ಯವಾಗಿ ಇಂಜೆಕ್ಷನ್ನಿನಿಂದ ಶುರು ಮಾಡುತ್ತಾರೆ. ಫೋಲಿಕ್ ಆ್ಯಸಿಡ್ ಒಂದನ್ನೇ ತಗೊಳ್ಳಬೇಡಿ: ರಕ್ತ ಸುಧಾರಿಸಿದಂತೆ ಕಾಣುತ್ತದೆ, ಬಿ-12 ಕೊರತೆಯ ನರಹಾನಿ ಒಳಗೊಳಗೇ ಮುಂದುವರಿಯುತ್ತದೆ. ಗ್ಯಾಸ್ ಮಾತ್ರೆ ಇನ್ನೂ ಬೇಕೇ ಎಂದೂ ವೈದ್ಯರನ್ನು ಕೇಳಿ. ಒಮ್ಮೆ ಬರೆದುಕೊಟ್ಟ ಪ್ಯಾಂಟೊಪ್ರಜೋಲನ್ನು ಎಷ್ಟೋ ಮಂದಿ ಕಾರಣ ಮರೆತು ವರ್ಷಗಟ್ಟಲೆ ತಗೊಳ್ಳುತ್ತಾರೆ.

ಇದನ್ನೆಲ್ಲ ಮಾತ್ರೆ ಇಳಿಸುವ ಮುಂಚೆಯೇ ಸರಿಮಾಡಬೇಕು ಎನ್ನುವುದಕ್ಕೆ ಕಾರಣವಿದೆ. ಕೊರತೆ ಇಟ್ಟುಕೊಂಡೇ ಮಾತ್ರೆ ಇಳಿಸಿದರೆ, ಸುಸ್ತು-ಮಂಕು ಕಂಡಾಗ ಅದು ಬಿ-12ನದೋ, ಔಷಧ ಬಿಟ್ಟದ್ದರದೋ, ಖಿನ್ನತೆ ಮರಳಿದ್ದೋ ಯಾರಿಗೂ ಹೇಳಲಾಗುವುದಿಲ್ಲ. ಗಾಬರಿಯಲ್ಲಿ ಡೋಸ್ ಏರಿಸುತ್ತಾರೆ. ಅಲ್ಲಿಗೆ ನಿಮ್ಮ ಪ್ರಯತ್ನ ಮುಗಿಯಿತು.

ವಿಟಮಿನ್ ಡಿ ಬಗ್ಗೆ ಒಂದು ಮಾತು. ಕಡಿಮೆ ಇದ್ದರೆ ಮೂಳೆಗಾಗಿ ತುಂಬಿಸಿಕೊಳ್ಳಿ. ಮನಸ್ಸಿಗಾಗಿ ಅದರ ಮೇಲೆ ಆಸೆ ಇಡಬೇಡಿ. ಅಮೆರಿಕದಲ್ಲಿ 50 ದಾಟಿದ 18,000ಕ್ಕೂ ಹೆಚ್ಚು ಜನರಿಗೆ ದಿನಾ 2000 ಯೂನಿಟ್ ಡಿ ಅಥವಾ ಸೋಗಿನ ಮಾತ್ರೆಯನ್ನು ಸುಮಾರು ಐದು ವರ್ಷ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು: ಖಿನ್ನತೆ ತಡೆಯುವುದರಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಇರಲಿಲ್ಲ.

ಒಟ್ಟು ಊಟದ ಬಗ್ಗೆ ಇರುವ ಸಾಕ್ಷಿ ಇದಕ್ಕಿಂತ ಆಶಾದಾಯಕ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಅವರ ತಂಡ, ಖಿನ್ನತೆ ಇದ್ದು ಊಟದ ಕ್ರಮವೂ ಕೆಟ್ಟಿದ್ದ 67 ಮಂದಿಯನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಆಹಾರತಜ್ಞರ ಮಾರ್ಗದರ್ಶನದಲ್ಲಿ ಕಾಳು, ತರಕಾರಿ, ಹಣ್ಣು, ಇಡೀ ಧಾನ್ಯ, ಮೀನು, ಆಲಿವ್ ಎಣ್ಣೆಯ ಊಟ. ಇನ್ನೊಂದಕ್ಕೆ ಅಷ್ಟೇ ಹೊತ್ತು ಬರೀ ಸ್ನೇಹದ ಮಾತುಕತೆ. 12 ವಾರದ ಕೊನೆಗೆ ಖಿನ್ನತೆ ಇಳಿದು ಚೇತರಿಸಿಕೊಂಡವರು ಊಟದ ಗುಂಪಿನಲ್ಲಿ ಶೇ. 32, ಮಾತುಕತೆಯ ಗುಂಪಿನಲ್ಲಿ ಶೇ. 8. ಇದು ಪ್ರಕಟವಾದದ್ದು 2017ರಲ್ಲಿ. ಅಧ್ಯಯನ ಚಿಕ್ಕದು, ತಾವು ಯಾವ ಗುಂಪು ಎಂಬುದು ಭಾಗವಹಿಸಿದವರಿಗೆ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅವರಲ್ಲಿ ಹೆಚ್ಚಿನವರು ಔಷಧವನ್ನೋ ಆಪ್ತಸಮಾಲೋಚನೆಯನ್ನೋ ಪಡೆಯುತ್ತಲೇ ಇದ್ದರು. ಊಟ ಚಿಕಿತ್ಸೆಯ ಜೊತೆಗೆ ನಿಂತಿತು, ಚಿಕಿತ್ಸೆಯನ್ನು ಎಬ್ಬಿಸಿ ಕಳಿಸಲಿಲ್ಲ.

ಆಲಿವ್ ಎಣ್ಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಿಮ್ಮ ಕಡೆಯ ಹಳೆಯ ಊಟವೇ ಇದಕ್ಕೆ ಹತ್ತಿರದಲ್ಲಿದೆ: ಜೋಳದ ರೊಟ್ಟಿ ಅಥವಾ ರಾಗಿ ಮುದ್ದೆ, ಮೊಳಕೆ ಹೆಸರುಕಾಳು, ಮಡಿಕೆ, ಹುರುಳಿ, ಅವರೆ, ದಿನಕ್ಕೊಂದು ಸೊಪ್ಪು, ಶೇಂಗಾ, ಅಗಸಿ ಚಟ್ನಿಪುಡಿ, ಗಟ್ಟಿ ಮೊಸರು. ಕೆಟ್ಟಿರುವುದು ಬೆಳಗ್ಗೆ ಬರೀ ಕಾಫಿ ಕುಡಿದು ಶಾಲೆಗೆ ಓಡುವುದು, ಮಧ್ಯಾಹ್ನ ಬಿಳಿ ಅನ್ನಕ್ಕೆ ತಿಳಿಸಾರು, ಸಂಜೆ ಹಸಿದು ಮಂಡಕ್ಕಿ-ಮಿರ್ಚಿ, ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯ ಊಟ. ನಿಮ್ಮ ದಿನವೂ ಹೀಗಿದ್ದರೆ ಬೆಳಗಿನ ತಿಂಡಿಯಿಂದ ರಿಪೇರಿ ಶುರು ಮಾಡಿ, ಅದರಲ್ಲಿ ಕಾಳು ಅಥವಾ ಮೊಸರು ಇರಲಿ. ಸಕ್ಕರೆ ಕಾಯಿಲೆಗೂ ಇದೇ ಒಳ್ಳೆಯದು. ಊಟದ ಹಿಂದೆಯೇ ಕಾಫಿ-ಟೀ ಕುಡಿದರೆ ಸೊಪ್ಪಿನಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಪಲ್ಯಕ್ಕೆ ನಿಂಬೆ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ. ಕ್ಲೋನಾಜೆಪಾಮ್ ಇಳಿಸುವ ತಿಂಗಳುಗಳಲ್ಲಂತೂ ಸಂಜೆಯ ಕಾಫಿ ನಿಮ್ಮ ನಿದ್ದೆಗೆ ನೇರ ಶತ್ರು.

ಮೀನೆಣ್ಣೆಯ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಒಮೆಗಾ-3ರಲ್ಲಿ ಇಪಿಎ ಎಂಬ ಅಂಶ ದಿನಕ್ಕೆ 1ರಿಂದ 2 ಗ್ರಾಂ ಸಿಕ್ಕರೆ, ಖಿನ್ನತೆಯ ಔಷಧದ ಜೊತೆಗೆ ಸ್ವಲ್ಪ ನೆರವಾಗಬಹುದು. ಅಂಗಡಿಯ ಸಾಮಾನ್ಯ 1000 ಮಿ.ಗ್ರಾಂ. ಕ್ಯಾಪ್ಸೂಲಿನಲ್ಲಿ ಇಪಿಎ ಇರುವುದು 180 ಮಿ.ಗ್ರಾಂ. ಮಾತ್ರ, ಚೀಟಿ ಓದಿ ನೋಡಿ. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಇವೆ. ನಿಮ್ಮ ಅಗಸಿಯಲ್ಲಿರುವುದು ಬೇರೆ ಬಗೆಯ ಒಮೆಗಾ-3, ಮೈಯಲ್ಲಿ ಅದು ಇಪಿಎ ಆಗುವುದು ಬಹಳ ಕಡಿಮೆ. ಅಗಸಿಯನ್ನು ರುಚಿಗೆ, ನಾರಿಗೆ ತಿನ್ನಿ, ಔಷಧವೆಂದು ತಿನ್ನಬೇಡಿ.

ಯೋಗದ ವಿಷಯದಲ್ಲಿ ನಮ್ಮದೇ ನಿಮ್ಹಾನ್ಸ್ ಜಗತ್ತಿಗೆ ಮುಂಚೂಣಿಯಲ್ಲಿದೆ. 2000ನೇ ಇಸವಿಯಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ತೀವ್ರ ಖಿನ್ನತೆಯ 45 ರೋಗಿಗಳಿಗೆ ನಾಲ್ಕು ವಾರ ವಿದ್ಯುತ್ ಚಿಕಿತ್ಸೆ, ಇಮಿಪ್ರಮಿನ್ ಔಷಧ, ಸುದರ್ಶನ ಕ್ರಿಯಾ ಈ ಮೂರರಲ್ಲಿ ಒಂದನ್ನು ಕೊಟ್ಟರು. ಚೇತರಿಸಿಕೊಂಡವರು ಕ್ರಮವಾಗಿ ಶೇ. 93, 73, 67. ಉಸಿರಾಟದ ಅಭ್ಯಾಸ ಔಷಧದ ಸನಿಹಕ್ಕೆ ಬಂದದ್ದು ಸಣ್ಣ ಮಾತಲ್ಲ. ಆದರೆ ಗುಂಪಿಗೆ ಹದಿನೈದೇ ಜನ, ಅದೂ ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿ. ಆಮೇಲೆ ಅಲ್ಲಿ ಡಾ. ಬಿ.ಎನ್. ಗಂಗಾಧರ್ ಮತ್ತು ಸಹೋದ್ಯೋಗಿಗಳು ಸ್ಕಿಜೋಫ್ರೇನಿಯಾದಲ್ಲಿ ಯೋಗವನ್ನು ಪರೀಕ್ಷಿಸಿದಾಗ ಅದನ್ನು ಔಷಧದ ಜೊತೆಗೇ ಕೊಟ್ಟರು. ನಿಮಗೆ ನನ್ನ ಸಲಹೆ: ದಿನಾ ಅರ್ಧ ಗಂಟೆ ಬಿರುಸಾದ ನಡಿಗೆ, ಅರ್ಧ ಗಂಟೆ ಆಸನ ಮತ್ತು ನಿಧಾನದ ಪ್ರಾಣಾಯಾಮ, ಏಳುವ ಹೊತ್ತು ಭಾನುವಾರವೂ ಬದಲಾಗದಿರಲಿ. ಮೂರು ತಿಂಗಳು ಇವು ರೂಢಿಯಾಗಲಿ. ಆ ಹೊತ್ತಿಗೆ ಬಿ-12ರ ಸ್ಥಿತಿಯೂ ಸುಧಾರಿಸಿರುತ್ತದೆ. ಮಾತ್ರೆಗೆ ಕೈ ಹಾಕುವುದು ಆಮೇಲೆ.

ಇಳಿಸುವಾಗ ಮೊದಲ ಕೆಲಸ, ಕೂಡು ಮಾತ್ರೆಯನ್ನು ಬಿಡಿಸಿ ಎರಡು ಬೇರೆ ಮಾತ್ರೆಗಳಾಗಿ ಬರೆಸಿಕೊಳ್ಳುವುದು. ಡೋಸ್ ಅಷ್ಟೇ ಇರಲಿ. ಹೀಗೆ ಮಾಡದೆ ಕೂಡು ಮಾತ್ರೆಯನ್ನೇ ಅರ್ಧ ಮುರಿದರೆ ಎರಡು ಔಷಧವೂ ಒಟ್ಟಿಗೆ ಇಳಿದು ಯಾವುದರ ತೊಂದರೆ ಯಾವುದು ಎಂದು ತಿಳಿಯುವುದಿಲ್ಲ. ಸಾಮಾನ್ಯವಾಗಿ ನಾನು ಮೊದಲು ಕ್ಲೋನಾಜೆಪಾಮ್ ಇಳಿಸುತ್ತೇನೆ, ಎಸಿಟಾಲೋಪ್ರಾಮ್ ಕಾವಲಿಗಿರುತ್ತದೆ. ಈಗಿನ ಮಾರ್ಗಸೂಚಿಗಳ ಪ್ರಕಾರ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸುವುದು ಕ್ಷೇಮ. ಕೆಲವರು ಇನ್ನೂ ಬೇಗ ಇಳಿಸಿಕೊಳ್ಳಬಲ್ಲರು, ಕೆಲವರಿಗೆ ಒಂದು ಮೆಟ್ಟಿಲಿನಲ್ಲಿ ಎರಡು ತಿಂಗಳು ನಿಲ್ಲಬೇಕಾಗುತ್ತದೆ. ದಿನ ಬಿಟ್ಟು ದಿನ ತಗೊಳ್ಳುವುದು ಇಳಿಸುವ ದಾರಿಯಲ್ಲ, ರಕ್ತದಲ್ಲಿ ಔಷಧ ಏರಿಳಿದು ನರಮಂಡಲಕ್ಕೆ ಇನ್ನಷ್ಟು ಹಿಂಸೆ.

ಕ್ಲೋನಾಜೆಪಾಮ್ ಪೂರ್ತಿ ಬಿಟ್ಟು ಎರಡು-ಮೂರು ತಿಂಗಳು ನೆಮ್ಮದಿಯಾಗಿ ಕಳೆದ ಮೇಲೆ ಎಸಿಟಾಲೋಪ್ರಾಮ್. ಇಲ್ಲಿ ಬಹಳ ಮಂದಿ ಮುಗ್ಗರಿಸುವುದು ಕೊನೆಯಲ್ಲಿ. ಔಷಧದ ಡೋಸಿಗೂ ಮಿದುಳಿನಲ್ಲಿ ಅದು ಮಾಡುವ ಕೆಲಸಕ್ಕೂ ನೇರ ಲೆಕ್ಕ ಇಲ್ಲ. ಎಸಿಟಾಲೋಪ್ರಾಮಿನ ಹತ್ತಿರದ ನೆಂಟ ಸಿಟಾಲೋಪ್ರಾಮನ್ನು ಮಿದುಳಿನ ಸ್ಕ್ಯಾನ್ ಮಾಡಿ ಅಳೆದಿದ್ದಾರೆ. 40 ಮಿ.ಗ್ರಾಂ. ಕೊಟ್ಟರೆ, ನರಗಳ ನಡುವೆ ಸಂದೇಶ ಒಯ್ಯುವ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಸಾಗಿಸುವ ತಾಣಗಳಲ್ಲಿ ಸುಮಾರು ಶೇ. 86 ಹಿಡಿತಕ್ಕೆ ಬರುತ್ತವೆ. ಅರ್ಧಕ್ಕೆ, ಅಂದರೆ 20ಕ್ಕೆ ಇಳಿಸಿದರೂ ಶೇ. 80. ಸುಮಾರು 9 ಮಿ.ಗ್ರಾಂ.ನಲ್ಲಿ ಶೇ. 70, 2.3 ಮಿ.ಗ್ರಾಂ.ನಲ್ಲೂ ಶೇ. 40 ಇರುತ್ತದೆ. ನಿಮ್ಮ 10 ಮಿ.ಗ್ರಾಂ. ಎಸಿಟಾಲೋಪ್ರಾಮ್ ಅದರ 20ಕ್ಕೆ ಸರಿಸುಮಾರು ಸಮ. ಹಾಗಾಗಿ 10ರಿಂದ 5ಕ್ಕೆ ಬಂದಾಗ ಮಿದುಳಿಗೆ ಆಗುವ ಬದಲಾವಣೆ ಸ್ವಲ್ಪ. 5ರಿಂದ ಸೊನ್ನೆಗೆ ಹಾರಿದರೆ ಶೇ. 70ರಿಂದ ಕೆಳಕ್ಕೆ ಒಂದೇ ನೆಗೆತ. ಹಳೆಯ ಬಾವಿಯ ಹಾಗೆ, ಮೇಲಿನ ಮೆಟ್ಟಿಲುಗಳು ಗೇಣುದ್ದ, ಕೊನೆಯದು ಆಳೆತ್ತರ. ಆದ್ದರಿಂದ 5ರ ಕೆಳಗೆ ಇನ್ನೂ ಸಣ್ಣ ಸಣ್ಣ ಹೆಜ್ಜೆ ಬೇಕು: ಅರ್ಧ, ಕಾಲು, ಅದಕ್ಕೂ ಕಡಿಮೆ. ಮಾರ್ಕ್ ಹೊರೊವಿಟ್ಜ್ ಮತ್ತು ಡೇವಿಡ್ ಟೇಲರ್ 2019ರಲ್ಲಿ ಈ ಲೆಕ್ಕವನ್ನು ಸ್ಪಷ್ಟವಾಗಿ ಮುಂದಿಟ್ಟ ಮೇಲೆ ಬ್ರಿಟನ್ನಿನ ಮನೋವೈದ್ಯರ ಸಂಸ್ಥೆ ಅದನ್ನು ತನ್ನ ಸಲಹೆಯಲ್ಲಿ ಸೇರಿಸಿಕೊಂಡಿತು. ನಮ್ಮಲ್ಲೂ ಇದು ರೂಢಿಯಾಗಬೇಕು. ಈ ಪತ್ರ ಓದುವ ಇತರರಿಗೆ ಒಂದು ಎಚ್ಚರಿಕೆ: ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು, ಹೆಸರಿನ ಮುಂದೆ ಇಆರ್, ಸಿಆರ್ ಎಂದಿರುವವನ್ನು, ಪುಡಿ ಮಾಡಬಾರದು.

ಪೂರ್ತಿ ಬಿಟ್ಟ ಮೇಲೆ ಖಿನ್ನತೆ ಬರುವುದೇ ಇಲ್ಲವೇ? ಆ ಭರವಸೆ ಕೊಡಲಾರೆ. ಬ್ರಿಟನ್ನಿನ ಆಂಟ್ಲರ್ ಅಧ್ಯಯನದಲ್ಲಿ ವರ್ಷಗಟ್ಟಲೆ ಔಷಧದಲ್ಲಿದ್ದು ಚೆನ್ನಾಗಿದ್ದ 478 ಮಂದಿಯಲ್ಲಿ ಅರ್ಧ ಜನ ಮುಂದುವರಿಸಿದರು, ಅರ್ಧ ಜನ ಎರಡು ತಿಂಗಳ ಆಸುಪಾಸಿನಲ್ಲಿ ಇಳಿಸಿ ಬಿಟ್ಟರು. ವರ್ಷದೊಳಗೆ ಖಿನ್ನತೆ ಮರುಕಳಿಸಿದ್ದು ಮುಂದುವರಿಸಿದವರಲ್ಲಿ ಶೇ. 39, ಬಿಟ್ಟವರಲ್ಲಿ ಶೇ. 56. ಬಿಟ್ಟರೆ ಅಪಾಯ ಹೆಚ್ಚು ಎಂಬುದು ನಿಜ. ಬಿಟ್ಟವರಲ್ಲಿ ಶೇ. 44ರಷ್ಟು ಮಂದಿ ಚೆನ್ನಾಗಿಯೇ ಇದ್ದರು ಎಂಬುದೂ ಅಷ್ಟೇ ನಿಜ. ಈ ಅಧ್ಯಯನದಲ್ಲಿದ್ದ ಹೆಚ್ಚಿನವರಿಗೆ ಖಿನ್ನತೆ ಹಲವು ಬಾರಿ ಬಂದಿತ್ತು. ನಿಮಗೆ ಬಂದದ್ದು ಒಂದೇ ಬಾರಿ, ಅದೂ ತಾಯಿಯನ್ನು ಕಳೆದುಕೊಂಡ ದುಃಖದಲ್ಲಿ. ಹಾಗಾಗಿ ನಿಮ್ಮ ಬಗ್ಗೆ ನನಗೆ ಹೆಚ್ಚು ಆಶೆ ಇದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಿಂಗಳು, ಮನೆಯಲ್ಲಿ ಮದುವೆ, ವರ್ಗಾವಣೆ, ಅಮ್ಮನ ವರ್ಷಾಬ್ದಿಯ ಆಸುಪಾಸು ಈ ಕೆಲಸ ಶುರು ಮಾಡಬೇಡಿ. ಸಾಧ್ಯವಾದರೆ ಈ ಅವಧಿಯಲ್ಲಿ ಒಬ್ಬ ಆಪ್ತಸಮಾಲೋಚಕರ ಬಳಿ ಹೋಗಿ. ಆಲೋಚನೆಯ ಜಾಡು ಬದಲಿಸುವ ಚಿಕಿತ್ಸೆ ಮರುಕಳಿಕೆಯನ್ನು ತಡೆಯುವುದರಲ್ಲಿ ಯಾವ ವಿಟಮಿನ್ನಿಗಿಂತಲೂ ಮೇಲು.

ಶಿಬಿರದ ಪುಡಿಯಲ್ಲಿ ಏನಿದೆ ಎಂದು ನೀವು ಬರೆದಿಲ್ಲ, ಬಹುಶಃ ನಿಮಗೂ ಹೇಳಿರಲಿಕ್ಕಿಲ್ಲ. ಏನಿದೆ ಎಂದು ಬರೆದಿಲ್ಲದ ಪುಡಿಯನ್ನು ಬಾಯಿಗೆ ಹಾಕಬೇಡಿ. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸವೇ ಮಂಕು, ಸಿಡುಕು ತರುವ ವಿಷ. ಅಶ್ವಗಂಧ ಇದ್ದರೆ ಕ್ಲೋನಾಜೆಪಾಮಿನ ಜೊತೆ ಮಂಪರು ಹೆಚ್ಚಬಹುದು, ಥೈರಾಯ್ಡ್ ಮಟ್ಟ ಏರಬಹುದು, ಅಪರೂಪಕ್ಕೆ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದ ವರದಿಗಳಿವೆ. ಆನ್‌ಲೈನಿನಲ್ಲಿ ಸಿಗುವ ಸೇಂಟ್ ಜಾನ್ಸ್ ವರ್ಟ್, 5-ಎಚ್‌ಟಿಪಿ ಎಂಬವನ್ನು ಎಸಿಟಾಲೋಪ್ರಾಮಿನ ಜೊತೆ ತಗೊಂಡರೆ ಸೆರೊಟೋನಿನ್ ಅತಿಯಾಗಿ ಜ್ವರ, ನಡುಕ, ಗೊಂದಲದಿಂದ ಆಸ್ಪತ್ರೆ ಸೇರಬೇಕಾದೀತು. ಗಿಡಮೂಲಿಕೆ ಔಷಧವೇ. ಅದರ ಗುಣವನ್ನು ನಂಬುವವರು ಅದರ ಅಡ್ಡಪರಿಣಾಮವನ್ನೂ ನಂಬಬೇಕಾಗುತ್ತದೆ.

ಇನ್ನು ನಿಮ್ಮ ಮೈದುನ. ಬೈಪೋಲಾರ್ ಕಾಯಿಲೆಯಲ್ಲಿ ಲಿಥಿಯಂ ಮುಂದಿನ ಉನ್ಮಾದ, ಖಿನ್ನತೆಗಳನ್ನು ತಡೆಯುತ್ತದೆ, ಆತ್ಮಹತ್ಯೆಯನ್ನೂ ತಗ್ಗಿಸುತ್ತದೆ. ಆರು ವರ್ಷದಲ್ಲಿ ಅವರು ನೆಟ್ಟಗಿದ್ದರೆ ಅದಕ್ಕೆ ಈ ಔಷಧವೇ ಕಾರಣವಿರಬಹುದು. ಹಠಾತ್ತಾಗಿ ನಿಲ್ಲಿಸಿದವರನ್ನು ಗಮನಿಸಿದ ಅಧ್ಯಯನಗಳಲ್ಲಿ, ಮರಳಿ ಬಂದ ಕಾಯಿಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಹತ್ತು ವಾರದೊಳಗೇ ಬಂದಿತ್ತು, ಅದೂ ಹೆಚ್ಚಾಗಿ ಉನ್ಮಾದ. ಊಟ, ಯೋಗ ಲಿಥಿಯಂ ಬದಲಿಗೆ ನಿಲ್ಲುತ್ತವೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ.

ಉಪ್ಪಿನ ವಿಚಾರ ಹೀಗೆ: ಮೂತ್ರಪಿಂಡ ಲಿಥಿಯಮ್ಮನ್ನು ಸೋಡಿಯಂ ಹಾಗೆಯೇ ಕಾಣುತ್ತದೆ. ಊಟದಲ್ಲಿ ಉಪ್ಪು ಇಲ್ಲದಾದರೆ ಅದು ಸೋಡಿಯಂ ಉಳಿಸಿಕೊಳ್ಳಲು ಹೋಗಿ ಲಿಥಿಯಮ್ಮನ್ನೂ ಉಳಿಸಿಕೊಳ್ಳುತ್ತದೆ. ಲಿಥಿಯಂ ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಈಕ್ವಿವಲೆಂಟ್ ಒಳಗಿರಬೇಕು, 1.5 ದಾಟಿದರೆ ವಿಷ. ಔಷಧಕ್ಕೂ ವಿಷಕ್ಕೂ ನಡುವೆ ಇರುವ ಜಾಗ ಅಷ್ಟು ಕಿರಿದು. ನಿರ್ಜಲ ಉಪವಾಸ, ಏಪ್ರಿಲ್-ಮೇ ಬಿಸಿಲಿನ ಬೆವರು, ವಾಂತಿ-ಭೇದಿ, ಮೈಕೈ ನೋವಿಗೆ ಅಂಗಡಿಯಲ್ಲಿ ಕೊಂಡ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್, ಬಿಪಿಯ ಕೆಲವು ಮಾತ್ರೆಗಳು ಎಲ್ಲವೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಆಗಬಹುದು. ದಿನಾ ನಾಲ್ಕಾರು ಕಾಫಿ ಕುಡಿಯುವವರು ಒಮ್ಮೆಗೇ ಬಿಟ್ಟರೂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ಮಾತು ತೊದಲುವುದು, ನಡಿಗೆ ತೂರಾಡುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಶಿಬಿರಗಳಲ್ಲಿ ನಸುಕಿಗೇ ಎಬ್ಬಿಸಿ ಜೋರು ಉಸಿರಾಟದ ಭಸ್ತ್ರಿಕಾ ಮಾಡಿಸುವುದೂ ಅವರಿಗೆ ಬೇಡ. ನಿದ್ದೆ ಕೆಡುವುದರಿಂದ ಉನ್ಮಾದ ಕೆರಳುತ್ತದೆ, ಬಿರುಸಿನ ಪ್ರಾಣಾಯಾಮದಿಂದ ಕೆರಳಿದ ವರದಿಗಳೂ ಇವೆ.

ಅವರಿಗೂ ಊಟ-ಯೋಗ ಬೇಕು, ಬೇರೆ ಉದ್ದೇಶಕ್ಕೆ: ತೂಕ ಹಿಡಿತದಲ್ಲಿಡಲು, ನಿದ್ದೆ ಹೊತ್ತಿಗೆ ಸರಿಯಾಗಿ ಬರಲು. ದಿನವೂ ಒಂದೇ ಹದದ ಉಪ್ಪು, ಧಾರಾಳ ನೀರು, ನಿಧಾನದ ಆಸನಗಳು. ಮೂರರಿಂದ ಆರು ತಿಂಗಳಿಗೊಮ್ಮೆ ಲಿಥಿಯಂ ಮಟ್ಟ, ಮೂತ್ರಪಿಂಡದ ಪರೀಕ್ಷೆ, ಟಿಎಸ್‌ಎಚ್, ಕ್ಯಾಲ್ಸಿಯಂ. ರಕ್ತ ಕೊಡುವುದು ಕೊನೆಯ ಡೋಸಾಗಿ 12 ಗಂಟೆ ಕಳೆದ ಮೇಲೆ. ಆರು ವರ್ಷದಲ್ಲಿ ಈ ಪರೀಕ್ಷೆ ಕೊನೆಗೆ ಯಾವಾಗ ಆಯಿತು ಎಂದು ವಿಚಾರಿಸಿ. ಅತ್ತೆಯವರ ಆತಂಕ ‘ಇಷ್ಟು ವರ್ಷದ ಮಾತ್ರೆ ಕಿಡ್ನಿ ಹಾಳು ಮಾಡುತ್ತದೆ’ ಎಂಬುದಾಗಿದ್ದರೆ ಅದು ಬರೀ ಮೂಢನಂಬಿಕೆಯಲ್ಲ, ಕಾಲಕಾಲದ ಈ ಪರೀಕ್ಷೆಯೇ ಅದಕ್ಕೆ ಉತ್ತರ.

ಸ್ಕಿಜೋಫ್ರೇನಿಯಾದ ಔಷಧ ಇಳಿಸುವ ಬಗ್ಗೆ ಬೇರೆ ಓದುಗರೂ ಕೇಳಿದ್ದಾರೆ. ಸಂಕ್ಷೇಪದಲ್ಲಿ: ಬ್ರಿಟನ್ನಿನಲ್ಲಿ 253 ಮಂದಿಯ ಮೇಲೆ ನಡೆದ ರೇಡಾರ್ ಅಧ್ಯಯನದಲ್ಲಿ ಮನೋವೈದ್ಯರೇ ನಿಧಾನವಾಗಿ ಇಳಿಸಿದಾಗಲೂ, ಎರಡು ವರ್ಷದಲ್ಲಿ ಆಸ್ಪತ್ರೆ ಸೇರುವಂತೆ ಕಾಯಿಲೆ ಮರುಕಳಿಸಿದವರು ಶೇ. 25, ಔಷಧ ಹಾಗೇ ಇಟ್ಟವರಲ್ಲಿ ಶೇ. 13. ಜನರೊಡನೆ ಬೆರೆತು ಬದುಕುವುದರಲ್ಲಿ ಸುಧಾರಣೆಯೂ ಕಾಣಲಿಲ್ಲ. ಅಲ್ಲಿ ಸರಿಯಾದ ಗುರಿ ಕಾಯಿಲೆಯನ್ನು ಹಿಡಿದಿಡುವ ಅತಿ ಕಡಿಮೆ ಡೋಸ್ ಹುಡುಕುವುದು, ಸೊನ್ನೆಯಲ್ಲ.

ನಿಮ್ಮ ವೈದ್ಯರ ಬಳಿ ಹೋಗುವಾಗ ‘ಮಾತ್ರೆ ಬಿಡಲೇ’ ಎಂದು ಕೇಳಬೇಡಿ, ‘ಬೇಡ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ನಾಲ್ಕು ದಿನ ಏನಾಯಿತೆಂದು ಮುಚ್ಚಿಡದೆ ಹೇಳಿ. ಬಿ-12 ಪರೀಕ್ಷೆ ಬರೆದುಕೊಡಿ, ಕೂಡು ಮಾತ್ರೆಯನ್ನು ಬೇರ್ಪಡಿಸಿ ಕೊಡಿ, ಕ್ಲೋನಾಜೆಪಾಮ್ ಇಳಿಸುವ ಕ್ರಮವನ್ನು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಿ. ಔಷಧದ ಸ್ವರೂಪ, ಅಡ್ಡಪರಿಣಾಮ ತಿಳಿಯುವ ಹಕ್ಕನ್ನೂ ನಿಮ್ಮ ಚಿಕಿತ್ಸೆಯ ದಾಖಲೆ ಪಡೆಯುವ ಹಕ್ಕನ್ನೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮಗೆ ಕೊಟ್ಟಿದೆ. ಕೇಳಿಸಿಕೊಳ್ಳದವರಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ, ಅದರಲ್ಲಿ ತಪ್ಪಿಲ್ಲ. ಇಳಿಸುವ ಹಾದಿಯಲ್ಲಿ ಎರಡು ವಾರ ಬಿಡದೆ ಮಂಕು ಕವಿದರೆ ಹಿಂದಿನ ಡೋಸಿಗೆ ಹೋಗಿ ನಿಲ್ಲಿ, ಅದು ಸೋಲಲ್ಲ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಅಂದೇ ವೈದ್ಯರನ್ನು ಕಾಣಿ. ರಾತ್ರಿಯಾಗಿದ್ದರೆ ಸರ್ಕಾರದ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡುತ್ತಾರೆ. ಬಿ-12 ರಿಪೋರ್ಟ್ ಬಂದ ಮೇಲೆ ಸಂಖ್ಯೆಗಳ ಸಮೇತ ಮತ್ತೆ ಬರೆಯಿರಿ, ಮುಂದಿನ ಹೆಜ್ಜೆ ಅದನ್ನು ನೋಡಿ ಹೇಳುತ್ತೇನೆ.